1-0-1ಕ್ಕೆ ಟೆಸ್ಟಿಂಗ್ ಮಾಡೋರು ಯಾರು?

ಕಳೆದ ವರ್ಷ ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪನ ಕಾಲು ಊದಿತ್ತು. ಬೆರಳಲ್ಲಿ ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. "ಏನಿಲ್ಲ ಕಣೋ, ವಯಸ್ಸಾಯ್ತಲ್ಲ. ಡಾಕ್ಟ್ರು ಅದಕ್ಕೂ ಮಾತ್ರೆ ಕೊಟ್ಟವ್ರೆ" ಅಂದರು. ನನಗೆ ಸಮಾಧಾನ ಆಗಲಿಲ್ಲ. ಬೆಂಗಳೂರಿಗೆ ಕರ್ಕೊಂಡು ಬಂದು ರಕ್ತ ಪರೀಕ್ಷೆ ಮಾಡಿಸಿದೆ. ಕ್ರಿಯಾಟಿನಿನ್ 2.9 ಬಂತು. ಕಿಡ್ನಿ ಡಾಕ್ಟರು ರಿಪೋರ್ಟ್ ನೋಡಿ ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಮಾತ್ರೆ ಚೀಲ ತಂದಿದೀರಾ?"

ಅಪ್ಪ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರನ್ನು ಮೇಜಿನ ಮೇಲೆ ಸುರಿದರು. ಬಿಪಿಗೆ ಟೆಲ್ಮಿಸಾರ್ಟನ್, ಅದೇ ಮಾತ್ರೆಯೊಳಗೆ ಬೆರೆಸಿದ ಹೈಡ್ರೋಕ್ಲೋರೋಥಯಜೈಡ್. ಮಂಡಿ ನೋವಿಗೆ ಡೈಕ್ಲೋಫಿನ್ಯಾಕ್, ಚೀಟಿಯಲ್ಲಿ 1-0-1. ಎಷ್ಟು ದಿನ ಅಂತ ಬರೆದಿರಲಿಲ್ಲ, ಹಾಗಾಗಿ ಎರಡೂವರೆ ತಿಂಗಳಿಂದ ನಡೀತಾ ಇತ್ತು. ಹೊಟ್ಟೆ ಉರಿಯದೇ ಇರಲಿ ಅಂತ ಒಂದು ಗ್ಯಾಸ್ ಮಾತ್ರೆ. ಕಾಲು ಊದಿದ ಮೇಲೆ ಫ್ರುಸಮೈಡ್, ಅಂದ್ರೆ ಉಚ್ಚೆ ಹೋಗಿಸೋ ಮಾತ್ರೆ. ಡಾಕ್ಟರು ನೋವಿನ ಮಾತ್ರೆಯ ಶೀಟನ್ನು ಪಕ್ಕಕ್ಕೆ ಇಟ್ಟು, "ಇದನ್ನ ಇವತ್ತಿಂದ ಮುಟ್ಟಬೇಡಿ" ಅಂದರು. ಮಿಕ್ಕಿದ್ದರಲ್ಲಿ ಎರಡನ್ನು ತಾತ್ಕಾಲಿಕವಾಗಿ ನಿಲ್ಲಿಸಿದರು. ಮೂರು ವಾರಕ್ಕೆ ಕ್ರಿಯಾಟಿನಿನ್ 1.3ಕ್ಕೆ ಇಳೀತು. ಪುಣ್ಯಕ್ಕೆ ಬೇಗ ಗೊತ್ತಾಯ್ತು.

ಊರಲ್ಲಿ ಬೆಳೆದವರಿಗೆ ಇದನ್ನು ಅರ್ಥ ಮಾಡಿಸೋದು ಸುಲಭ. ಕಿಡ್ನಿಯ ಸೋಸುವ ಜಾಗವನ್ನು ಒಂದು ತೊಟ್ಟಿ ಅಂದ್ಕೊಳ್ಳಿ. ಬರುವ ಕಾಲುವೆ ಒಂದು, ಹೋಗುವ ಕಾಲುವೆ ಒಂದು. ತೊಟ್ಟಿಯಲ್ಲಿ ಒತ್ತಡ ಇದ್ದರೆ ಮಾತ್ರ ನೀರು ಸೋಸುತ್ತೆ. ನೋವಿನ ಮಾತ್ರೆ ಬರುವ ಕಾಲುವೆಯನ್ನು ಕಿರಿದು ಮಾಡುತ್ತೆ. ಟೆಲ್ಮಿಸಾರ್ಟನ್ ಹೋಗುವ ಕಾಲುವೆಯನ್ನು ಅಗಲ ಮಾಡುತ್ತೆ. ಉಚ್ಚೆ ಮಾತ್ರೆ ಕೆರೆಯ ನೀರನ್ನೇ ಕಮ್ಮಿ ಮಾಡುತ್ತೆ. ಮೂರೂ ಒಟ್ಟಿಗೆ ಬಿದ್ದರೆ ತೊಟ್ಟಿ ಒಣಗುತ್ತೆ. ವೈದ್ಯಕೀಯ ಲೋಕದಲ್ಲಿ ಇದು ಹೊಸ ಸಂಶೋಧನೆ ಏನಲ್ಲ. 'ಟ್ರಿಪಲ್ ವ್ಯಾಮಿ' ಅಂತ ಇದಕ್ಕೆ ಅಡ್ಡಹೆಸರೇ ಇದೆ. ನೋವಿನ ಮಾತ್ರೆ ತಗೊಂಡು ಕಾಲು ಊದಿದರೆ, ಆ ಊತವನ್ನು ಹೊಸ ಕಾಯಿಲೆ ಅಂತ ತಿಳಿದು ಇನ್ನೊಂದು ಮಾತ್ರೆ ಬರೆಯೋದಕ್ಕೂ ಹೆಸರಿದೆ: ಪ್ರಿಸ್ಕ್ರೈಬಿಂಗ್ ಕ್ಯಾಸ್ಕೇಡ್. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಬಗ್ ಹುಡುಕದೆ ಅದರ ಮೇಲೆ ಪ್ಯಾಚ್ ಹಾಕೋದು.

ಆ ಚೀಟಿ ಬರೆದವರು ಕಳ್ಳ ಡಾಕ್ಟರ್ ಅಲ್ಲ. ಎಂಬಿಬಿಎಸ್ ಮುಗಿಸಿದ, ಇನ್ನೂ ಮೂವತ್ತು ದಾಟದ ಹುಡುಗ. ಅಪ್ಪನ ಪ್ರಕಾರ "ಬಾಳ ಒಳ್ಳೇವ್ನು, ದುಡ್ಡೂ ಜಾಸ್ತಿ ತಗಳಲ್ಲ". ನನಗೆ ಅವನ ಮೇಲೆ ಸಿಟ್ಟು ಬಂದಿತ್ತು, ಸುಳ್ಳು ಹೇಳಲ್ಲ. ಆದರೆ ಆಮೇಲೆ ಯೋಚನೆ ಮಾಡಿದಾಗ ಸಿಟ್ಟು ಬೇರೆ ಕಡೆ ತಿರುಗಿತು. ಈ ಹುಡುಗನಿಗೆ ಔಷಧಿ ಬರೆಯೋದನ್ನು ಯಾರಾದರೂ ಕಲಿಸಿದ್ರಾ? ಕಲಿತಿದ್ದಾನಾ ಅಂತ ಲೈಸೆನ್ಸ್ ಕೊಡೋ ಮುಂಚೆ ಯಾರಾದರೂ ಪರೀಕ್ಷೆ ಮಾಡಿದ್ರಾ?

ಚಿಕ್ಕಮ್ಮನ ಮಗಳು ಎಂಬಿಬಿಎಸ್ ಕೊನೇ ವರ್ಷ ಓದ್ತಿದ್ದಾಳೆ. ಅವಳನ್ನೇ ಕೇಳಿದೆ. "ಅಣ್ಣ, ಫಾರ್ಮಕಾಲಜಿ ಸೆಕೆಂಡ್ ಇಯರಲ್ಲೇ ಮುಗೀತು. ಡೈಕ್ಲೋಫಿನ್ಯಾಕ್ ಯಾವ ಎನ್ಜೈಮ್ ತಡೆಯುತ್ತೆ ಅಂತ ಕೇಳು, ನಿದ್ದೇಲೂ ಹೇಳ್ತೀನಿ. ಅರವತ್ತೈದು ವರ್ಷದವರಿಗೆ ಬಿಪಿ ಮಾತ್ರೆ ಜೊತೆ ಬರೀಬಹುದಾ, ಎಷ್ಟು ದಿನ, ಅಂತ ಕೇಳಿದ್ರೆ ಸ್ವಲ್ಪ ಯೋಚನೆ ಮಾಡ್ಬೇಕು" ಅಂದಳು. "ಮತ್ತೆ ಚೀಟಿ ಬರೆಯೋದು ಯಾವಾಗ ಕಲೀತೀಯ?" ಅಂದೆ. "ಇಂಟರ್ನ್‌ಶಿಪ್ಪಲ್ಲಿ. ಸೀನಿಯರ್‌ಗಳು ಹೇಳಿದ್ದನ್ನ ಬರ್ಕೊಳ್ತಾ ಬರ್ಕೊಳ್ತಾ ಬಂದುಬಿಡುತ್ತಂತೆ."

ಬಂದುಬಿಡುತ್ತಂತೆ! ಈಜು, ಸೈಕಲ್ ಹಾಗೆ ಬರಬಹುದು. ಅಪ್ಪನ ಕಿಡ್ನಿಯನ್ನು ಇಟ್ಕೊಂಡು ಕಲಿಯೋ ವಿದ್ಯೆ ಹಾಗೆ ಬರಬಾರದು.

ಪಠ್ಯಕ್ರಮದಲ್ಲಿ ಇದು ಇಲ್ಲವೇ ಇಲ್ಲ ಅಂತಲ್ಲ. 2019ರಲ್ಲಿ ಬಂದ ಹೊಸ ಸಾಮರ್ಥ್ಯ ಆಧಾರಿತ ಪಠ್ಯಕ್ರಮದಲ್ಲಿ, ವಿದ್ಯಾರ್ಥಿಗೆ ತರ್ಕಬದ್ಧವಾದ, ಓದಲು ಬರುವ ಚೀಟಿಯನ್ನು ಜೆನೆರಿಕ್ ಹೆಸರಲ್ಲಿ ಬರೆಯಲು ಬರಬೇಕು, ಬೇರೆಯವರು ಬರೆದ ಚೀಟಿಯಲ್ಲಿ ತಪ್ಪು ಹುಡುಕಲು ಬರಬೇಕು ಅಂತ ಸ್ಪಷ್ಟವಾಗಿ ಇದೆ. ಆದರೆ ಅದು ಇರೋದು ಫಾರ್ಮಕಾಲಜಿ ವಿಷಯದೊಳಗೆ, ಎರಡನೇ ಹಂತದಲ್ಲಿ. ಆ ಹೊತ್ತಿಗೆ ವಿದ್ಯಾರ್ಥಿ ಮೆಡಿಸಿನ್ ವಾರ್ಡಿನಲ್ಲಿ ಸರಿಯಾಗಿ ಕಾಲು ಊರಿರೋದೇ ಇಲ್ಲ. ಕಾಲ್ಪನಿಕ ರೋಗಿಗೆ ಕಾಲ್ಪನಿಕ ಚೀಟಿ ಬರೆದು, ರೆಕಾರ್ಡ್ ಬುಕ್ಕಿಗೆ ಸಹಿ ಹಾಕಿಸ್ಕೊಂಡು, ಮುಂದಕ್ಕೆ ಹೋಗ್ತಾರೆ. ಕೊನೇ ವರ್ಷದಲ್ಲಿ ಪಿಜಿ ಸೀಟಿನ ಬಹುಆಯ್ಕೆ ಪ್ರಶ್ನೆಗಳ ಹಿಂದೆ ಬೀಳ್ತಾರೆ. ಒಂದು ವರ್ಷ ಇಂಟರ್ನ್‌ಶಿಪ್ ಮುಗಿದ ಮೇಲೆ ನೋಂದಣಿ ಸಿಗುತ್ತೆ. ಮಾರನೇ ದಿನದಿಂದ ಹಸುಗೂಸಿನಿಂದ ಹಿಡಿದು ತೊಂಬತ್ತರ ಅಜ್ಜಿವರೆಗೆ ಯಾರಿಗೆ ಬೇಕಾದರೂ ಹೆಚ್ಚುಕಮ್ಮಿ ಯಾವ ಔಷಧಿ ಬೇಕಾದರೂ ಬರೆಯಬಹುದು.

ನಮ್ಮ ಕಂಪನಿಗಳಲ್ಲಿ ಹೊಸದಾಗಿ ಸೇರಿದ ಹುಡುಗನಿಗೆ ಪ್ರೊಡಕ್ಷನ್ ಆಕ್ಸೆಸ್ ಕೊಡ್ತೀವಾ? ಬಟನ್ನಿನ ಬಣ್ಣ ಬದಲಾಯಿಸಿದರೂ ಇಬ್ಬರು ರಿವ್ಯೂ ಮಾಡಬೇಕು, ಟೆಸ್ಟ್ ಪಾಸಾಗಬೇಕು, ತಪ್ಪಾದರೆ ರೋಲ್‌ಬ್ಯಾಕ್ ಇರಬೇಕು. ದೇಹಕ್ಕೆ ರೋಲ್‌ಬ್ಯಾಕ್ ಇಲ್ಲ. ಈ ಹೋಲಿಕೆ ಪೂರ್ತಿ ಸರಿ ಅಲ್ಲ, ರೋಗಿ ಸರ್ವರ್ ಅಲ್ಲ ಅಂತ ನನಗೂ ಗೊತ್ತು. ರೋಗಿ ಸರ್ವರ್ ಅಲ್ಲ ಅನ್ನೋ ಕಾರಣಕ್ಕೇ ಅಲ್ಲಿ ನಮಗಿಂತ ಜಾಸ್ತಿ ಎಚ್ಚರ ಇರಬೇಕಿತ್ತು.

ಈ ವಿಷಯ ಬಂದರೆ ನಮ್ಮ ಆಫೀಸಿನ ಕ್ಯಾಂಟೀನಲ್ಲಿ ಮೊದಲು ಹೊರಡೋದು ಡಾಕ್ಟರ ಕೈಬರಹದ ಜೋಕು. ಕೋರ್ಟುಗಳೂ ಅಲ್ಲೇ ನಿಂತಿವೆ. 2025ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್, ಓದಲು ಬರುವ ಚೀಟಿ ರೋಗಿಯ ಮೂಲಭೂತ ಹಕ್ಕು ಅಂತ ಹೇಳಿ, ವೈದ್ಯಕೀಯ ಕಾಲೇಜುಗಳಲ್ಲಿ ಕೈಬರಹದ ಪಾಠ ಸೇರಿಸಿ ಅಂತ ಸೂಚಿಸಿತು. 2016ರಲ್ಲೇ ಆಗಿನ ವೈದ್ಯಕೀಯ ಪರಿಷತ್ತು ಜೆನೆರಿಕ್ ಹೆಸರಲ್ಲಿ, ಸಾಧ್ಯವಾದರೆ ದೊಡ್ಡ ಅಕ್ಷರದಲ್ಲಿ ಬರೀಬೇಕು ಅಂತ ನಿಯಮ ತಂದಿತ್ತು. ಒಳ್ಳೇದೇ. ಅಕ್ಷರದ ಗೊಂದಲದಿಂದ ಅನಾಹುತ ಆಗೋದು ನಿಜ. ಅಮೆರಿಕದಲ್ಲಿ ಲೋಸೆಕ್ ಅನ್ನೋ ಹೊಟ್ಟೆ ಮಾತ್ರೆ, ಲ್ಯಾಸಿಕ್ಸ್ ಅನ್ನೋ ಉಚ್ಚೆ ಮಾತ್ರೆ ಒಂದಕ್ಕೊಂದು ಅದಲು ಬದಲಾಗಿ ಕೊನೆಗೆ ಲೋಸೆಕ್ ಹೆಸರನ್ನೇ ಪ್ರಿಲೋಸೆಕ್ ಅಂತ ಬದಲಾಯಿಸಬೇಕಾಯ್ತು.

ಆದರೆ ಅಪ್ಪನ ಚೀಟಿ ಮುತ್ತು ಪೋಣಿಸಿದ ಹಾಗಿತ್ತು, ಕಂಪ್ಯೂಟರಲ್ಲಿ ಪ್ರಿಂಟ್ ಆಗಿತ್ತು. ಮೆಡಿಕಲ್ ಸ್ಟೋರಿನವನು ಬರೆದಿದ್ದನ್ನೇ ಕೊಟ್ಟಿದ್ದ. ಅಪ್ಪ ಹೇಳಿದ್ದನ್ನೇ ನುಂಗಿದ್ದರು. ಎಲ್ಲರೂ ಸರಿಯಾಗಿ ನಡ್ಕೊಂಡೂ ಕಿಡ್ನಿ ಹೋಗೋದರಲ್ಲಿತ್ತು. ಸಮಸ್ಯೆ ಅಕ್ಷರದ್ದಲ್ಲ, ಬರೆಯೋಕೆ ಮುಂಚೆ ಮಾಡಬೇಕಾದ ಯೋಚನೆಯದ್ದು. ಕೈಬರಹ ಕಲಿಸಿದರೆ ತಪ್ಪು ಚೀಟಿ ಅಂದವಾಗಿ ಬರುತ್ತೆ, ಅಷ್ಟೇ.

ಹಾಗಾದರೆ ಆ ಯೋಚನೆಯನ್ನು ಕಲಿಸೋಕೆ ಆಗುತ್ತಾ? ಆಗುತ್ತೆ, ಅದು ಗೊತ್ತಾಗಿ ಮೂವತ್ತು ವರ್ಷ ಆಯ್ತು. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ 'ಗೈಡ್ ಟು ಗುಡ್ ಪ್ರಿಸ್ಕ್ರೈಬಿಂಗ್' ಅನ್ನೋ ಪುಸ್ತಕ ತಂದಿತು. ಅದರಲ್ಲಿರೋದು ಆರು ಹೆಜ್ಜೆ. ರೋಗಿಯ ಸಮಸ್ಯೆ ಏನು ಅಂತ ಗುರುತಿಸು. ಚಿಕಿತ್ಸೆಯಿಂದ ಏನು ಆಗಬೇಕು ಅಂತ ತೀರ್ಮಾನಿಸು. ನೀನು ಆರಿಸಿದ ಔಷಧಿ ಈ ರೋಗಿಗೆ ಹೊಂದುತ್ತಾ ಅಂತ ನೋಡು. ಆಮೇಲೆ ಬರಿ. ರೋಗಿಗೆ ವಿವರಿಸಿ ಎಚ್ಚರಿಕೆ ಹೇಳು. ಕೆಲಸ ಮಾಡ್ತಿದೆಯಾ ನೋಡು, ಬೇಡವಾದಾಗ ನಿಲ್ಲಿಸು. ಅಪ್ಪನ ವಿಷಯದಲ್ಲಿ ಮೂರನೇ, ಐದನೇ ಮತ್ತು ಆರನೇ ಹೆಜ್ಜೆ ಬಿಟ್ಟುಹೋಗಿದ್ದವು. ಬರೆಯೋದು ನಾಲ್ಕನೇ ಹೆಜ್ಜೆ ಅನ್ನೋದನ್ನ ಗಮನಿಸಿ. ನಾವು ಪಾಠ ಮಾಡೋದೂ, ನಿಯಮ ಮಾಡೋದೂ, ಜೋಕ್ ಮಾಡೋದೂ ಎಲ್ಲಾ ಆ ನಾಲ್ಕನೇದರ ಬಗ್ಗೆ ಮಾತ್ರ.

ಈ ವಿಧಾನವನ್ನು ಏಳು ಊರುಗಳ ವೈದ್ಯಕೀಯ ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿ 1995ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. 219 ವಿದ್ಯಾರ್ಥಿಗಳು. ತರಬೇತಿ ಪಡೆದವರು ಪಡೆಯದವರಿಗಿಂತ ಚೆನ್ನಾಗಿ ಮಾಡಿದರು. ಪಾಠದಲ್ಲಿ ಬಂದ ಕಾಯಿಲೆಗಳಿಗೆ ಮಾತ್ರ ಅಲ್ಲ, ಬರದೇ ಇದ್ದ ಕಾಯಿಲೆಗಳಿಗೂ. ಆರು ತಿಂಗಳ ನಂತರವೂ ಅದರ ಫಲ ಉಳಿದಿತ್ತು. ಆ ಏಳು ಊರುಗಳಲ್ಲಿ ಒಂದು ನವದೆಹಲಿ. ನಮ್ಮದೇ ದೇಶದ ವಿದ್ಯಾರ್ಥಿಗಳ ಮೇಲೆ ಸಾಬೀತಾದ ಮದ್ದನ್ನು ನಾವೇ ಕಪಾಟಲ್ಲಿ ಇಟ್ಟು ಬೀಗ ಹಾಕಿದೀವಿ.

ಬ್ರಿಟನ್ನಿನವರು ಏನು ಮಾಡಿದರು ನೋಡಿ. ಅವರ ವೈದ್ಯಕೀಯ ಪರಿಷತ್ತು 2009ರಲ್ಲಿ ಒಂದು ದೊಡ್ಡ ಅಧ್ಯಯನ ಮಾಡಿಸಿತು. 19 ಆಸ್ಪತ್ರೆ, 1,24,260 ಔಷಧಿ ಆದೇಶಗಳು, ಅದರಲ್ಲಿ ತಪ್ಪು 11,077. ಅಂದ್ರೆ ನೂರಕ್ಕೆ ಸುಮಾರು ಒಂಬತ್ತು. ಹೊಸಬರು ಮಾತ್ರ ಅಲ್ಲ, ಹಿರಿಯರೂ ತಪ್ಪು ಮಾಡಿದ್ದರು. ಬಹುತೇಕ ತಪ್ಪುಗಳು ರೋಗಿಗೆ ತೊಂದರೆ ಆಗೋ ಮುಂಚೆ ಸಿಕ್ಕಿಬಿದ್ದವು, ಯಾಕಂದ್ರೆ ಅಲ್ಲಿ ವಾರ್ಡಿನಲ್ಲಿ ಫಾರ್ಮಸಿಸ್ಟ್‌ಗಳು ಚೀಟಿ ನೋಡ್ತಾರೆ. ಅಷ್ಟಕ್ಕೇ ಸುಮ್ಮನಾಗದೆ, ಕೊನೇ ವರ್ಷದ ವಿದ್ಯಾರ್ಥಿಗಳಿಗೆ ಔಷಧಿ ಬರೆಯೋದಕ್ಕೇ ಅಂತ ಪ್ರತ್ಯೇಕ ರಾಷ್ಟ್ರೀಯ ಪರೀಕ್ಷೆ ತಂದರು. 2014ರ ಹೊತ್ತಿಗೆ ದೇಶದ ಎಲ್ಲಾ ವೈದ್ಯಕೀಯ ಕಾಲೇಜುಗಳಿಗೂ ಅದು ಬಂತು. ಎರಡು ಗಂಟೆ, 200 ಅಂಕ. ಚೀಟಿ ಬರಿ, ಈ ಚೀಟಿಯಲ್ಲಿ ತಪ್ಪು ಹುಡುಕು, ಡೋಸ್ ಲೆಕ್ಕ ಹಾಕು, ರೋಗಿಗೆ ಏನು ಹೇಳ್ತೀಯ, ಯಾವ ರಕ್ತ ಪರೀಕ್ಷೆ ಮಾಡಿಸ್ತೀಯ, ಈ ಅಡ್ಡಪರಿಣಾಮಕ್ಕೆ ಕಾರಣವಾದ ಮಾತ್ರೆ ಯಾವುದು. ಎಲ್ಲಕ್ಕಿಂತ ನನಗೆ ಇಷ್ಟವಾಗಿದ್ದು, ಪರೀಕ್ಷೆಯಲ್ಲಿ ಔಷಧಿ ಕೋಶ ತೆರೆದು ನೋಡಬಹುದು. ಬಾಯಿಪಾಠ ಬೇಕಿಲ್ಲ. ಗೊತ್ತಿಲ್ಲದಿದ್ದರೆ ತೆರೆದು ನೋಡೋ ಅಭ್ಯಾಸ ಇದೆಯಾ ಅನ್ನೋದೂ ಪರೀಕ್ಷೆಯ ಭಾಗ.

ನಮ್ಮಲ್ಲೂ ನ್ಯಾಷನಲ್ ಫಾರ್ಮ್ಯುಲರಿ ಇದೆ. ಎಷ್ಟು ಓಪಿಡಿ ಮೇಜುಗಳ ಮೇಲೆ ನೋಡಿದೀರಿ? ಔಷಧಿ ಕಂಪನಿಯ ಪೆನ್ ಸ್ಟ್ಯಾಂಡು, ಕ್ಯಾಲೆಂಡರು ಮಾತ್ರ ಎಲ್ಲಾ ಕಡೆ ಇರುತ್ತೆ. ಕಾಲೇಜು ಕಲಿಸದ್ದನ್ನ ಮೆಡಿಕಲ್ ರೆಪ್ ಬಂದು ಕಲಿಸ್ತಾನೆ. ಅವನು ಕಲಿಸೋದು ಯಾವುದನ್ನ ಶುರು ಮಾಡಬೇಕು ಅಂತ ಮಾತ್ರ, ಯಾವುದನ್ನ ನಿಲ್ಲಿಸಬೇಕು ಅಂತ ಅಲ್ಲ. ತರ್ಕ ಇಲ್ಲದ ಮಿಶ್ರಣ ಮಾತ್ರೆಗಳನ್ನು ಸರ್ಕಾರ 2016ರಲ್ಲಿ ಒಂದೇ ಸಲ 344 ನಿಷೇಧ ಮಾಡಿತು. ಕೋರ್ಟಿಗೆ ಹೋಗಿ ಬಂದ ಮೇಲೆ 2018ರಲ್ಲಿ 328, ಮತ್ತೆ 2024ರಲ್ಲಿ 156. ಅಲ್ಲಿವರೆಗೂ ಅವನ್ನು ಯಾರು ಬರೀತಿದ್ರು? ಓದಿದ ಡಾಕ್ಟರುಗಳೇ.

"ದಿನಕ್ಕೆ ನೂರು ರೋಗಿ ನೋಡೋನಿಗೆ ನಿಮ್ಮ ಆರು ಹೆಜ್ಜೆ ಎಲ್ಲಿಂದ ಬರಬೇಕು?" ಅಂತ ಡಾಕ್ಟರ್ ಗೆಳೆಯರು ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಉತ್ತರ ಅದರೊಳಗೇ ಇದೆ. ಒಬ್ಬ ರೋಗಿಗೆ ಮೂರು ನಿಮಿಷ ಮಾತ್ರ ಇದ್ದಾಗ ಕೈ ತಾನಾಗೇ ಅಭ್ಯಾಸದ ಕಡೆ ಹೋಗುತ್ತೆ. ಹಾಗಾಗಿ ಅಭ್ಯಾಸ ಕಾಲೇಜಲ್ಲೇ ಸರಿಯಾಗಿ ಬೀಳಬೇಕು. ಒಬ್ಬ ಡಾಕ್ಟರು ದಿನನಿತ್ಯ ಬಳಸೋದು 40-60 ಔಷಧಿ ಅಂತ ಅದೇ ಪುಸ್ತಕ ಹೇಳುತ್ತೆ. ಅಷ್ಟನ್ನು ವಿದ್ಯಾರ್ಥಿ ತಾನೇ ಕಾರಣ ಕೊಟ್ಟು ಆರಿಸ್ಕೊಂಡು, ಯಾರಿಗೆ ಕೊಡಬಾರದು, ಯಾವುದರ ಜೊತೆ ಕೊಡಬಾರದು, ಎಷ್ಟು ದಿನ ಅಂತ ಅರೆದು ಕುಡಿದಿದ್ದರೆ ಮೂರು ನಿಮಿಷ ಸಾಕು.

ಇನ್ನು ನಮ್ಮವರ ವಾದ: "ಮಗಾ, ಸಾಫ್ಟ್‌ವೇರ್ ಇದೆಯಲ್ಲ, ಈಗಂತೂ ಎಐ ಬಂದಿದೆ, ಅದೇ ತಪ್ಪು ಹಿಡಿಯುತ್ತೆ ಬಿಡು." ಈ ಕಸುಬಿನಲ್ಲಿ ಇರೋನಾಗಿ ಹೇಳ್ತೀನಿ, ಅಷ್ಟು ಬೇಗ ಬೀಗಬೇಡಿ. 2005ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ಜಾಮಾದಲ್ಲಿ ಬಂದ ಒಂದು ಅಧ್ಯಯನ, ಆಸ್ಪತ್ರೆಯಲ್ಲಿ ಕಂಪ್ಯೂಟರ್ ಮೂಲಕ ಔಷಧಿ ಬರೆಯೋ ವ್ಯವಸ್ಥೆಯೇ ದಾರಿ ಮಾಡಿಕೊಟ್ಟ 22 ಬಗೆಯ ತಪ್ಪುಗಳನ್ನು ಪಟ್ಟಿ ಮಾಡಿತು. ಎಚ್ಚರಿಕೆ ಸಂದೇಶ ಜಾಸ್ತಿ ಆದಷ್ಟೂ ಡಾಕ್ಟರು ಓದದೇ 'ಓಕೆ' ಒತ್ತುತ್ತಾರೆ. ನಾವು ಕುಕೀಸ್ ಸಂದೇಶಕ್ಕೆ ಒತ್ತೋ ಹಾಗೇ. ಅಪ್ಪನ ಚೀಟಿಯೂ ಕಂಪ್ಯೂಟರಿಂದಲೇ ಬಂದಿದ್ದು ಅಂತ ಆಗಲೇ ಹೇಳಿದೆ. ಯಾವ ಎಚ್ಚರಿಕೆಯನ್ನು ಗಂಭೀರವಾಗಿ ತಗೋಬೇಕು ಅಂತ ತಿಳಿಯೋಕೆ ಬರೆಯೋನ ತಲೆಯಲ್ಲಿ ವಿದ್ಯೆ ಇರಬೇಕು.

ಮೂರನೇ ವಾದ: "ತಪ್ಪಾದರೆ ಕೇಸ್ ಹಾಕಿ." 1998ರಲ್ಲಿ ಅಮೆರಿಕದಿಂದ ಕೋಲ್ಕತ್ತಕ್ಕೆ ಬಂದಿದ್ದ ಅನುರಾಧಾ ಸಾಹಾ ಅವರಿಗೆ ಮೈಮೇಲೆ ಗುಳ್ಳೆ ಎದ್ದವು. ದೇಹದಲ್ಲಿ ದಿನಗಟ್ಟಲೆ ನಿಧಾನಕ್ಕೆ ಕೆಲಸ ಮಾಡೋ ಸ್ಟೆರಾಯ್ಡ್ ಇಂಜೆಕ್ಷನ್ ಒಂದನ್ನು 80 ಮಿಲಿಗ್ರಾಂನಂತೆ ದಿನಕ್ಕೆ ಎರಡು ಸಲ ಬರೆದರು. ಬರೆದವರು ಎಳೆಯ ಇಂಟರ್ನ್ ಅಲ್ಲ, ಹೆಸರುವಾಸಿ ವೈದ್ಯರು. ಅದೇ ವರ್ಷ ಅವರು ತೀರಿಕೊಂಡರು. ಸ್ವತಃ ವೈದ್ಯರಾದ ಅವರ ಗಂಡ ಕುನಾಲ್ ಸಾಹಾ ಹೋರಾಡಿದರು. ಸುಪ್ರೀಂ ಕೋರ್ಟು ಸುಮಾರು 6 ಕೋಟಿ ಪರಿಹಾರ ಕೊಡಿಸಿದ್ದು 2013ರಲ್ಲಿ, ಹದಿನೈದು ವರ್ಷದ ನಂತರ. ಅವರೇ ವೈದ್ಯರಾಗಿದ್ದಕ್ಕೆ ಚೀಟಿಯಲ್ಲಿ ಏನು ತಪ್ಪು ಅಂತ ತೋರಿಸೋಕೆ ಆಯ್ತು. ನಮ್ಮ ಹಳ್ಳಿಯ ಮನುಷ್ಯ ಏನಂತ ತೋರಿಸ್ತಾನೆ? ಕಾಲು ಊದಿದ್ದು ವಯಸ್ಸಿಗೆ ಅಂತ ನಂಬಿದ್ದವರು ಅಪ್ಪ.

ಚೀಟಿ ಕನ್ನಡದಲ್ಲಿ ಬರೀಬೇಕು ಅನ್ನೋ ಮಾತು ನಮ್ಮ ರಾಜ್ಯದಲ್ಲಿ ಆಗಾಗ ಎದ್ದೇಳುತ್ತೆ. ಔಷಧಿಯ ಹೆಸರು ಇಂಗ್ಲಿಷಲ್ಲೇ ದೊಡ್ಡ ಅಕ್ಷರದಲ್ಲಿ ಇರಲಿ, ನನ್ನ ತಕರಾರಿಲ್ಲ. ಆದರೆ ಯಾಕೆ, ಯಾವಾಗ, ಎಷ್ಟು ದಿನ, ಏನಾದರೆ ನಿಲ್ಲಿಸಬೇಕು ಅನ್ನೋ ನಾಲ್ಕು ಸಾಲು ಕನ್ನಡದಲ್ಲೇ ಇರಲಿ. ಮೆಥೋಟ್ರೆಕ್ಸೇಟ್ ಅಂತ ಒಂದು ಮಾತ್ರೆ ಇದೆ, ಸಂಧಿವಾತಕ್ಕೆ ಕೊಡ್ತಾರೆ. ಅದನ್ನು ತಗೋಬೇಕಾದ್ದು ವಾರಕ್ಕೆ ಒಂದೇ ದಿನ. ಅಪ್ಪಿತಪ್ಪಿ ದಿನಾ ತಗೊಂಡರೆ ರಕ್ತಕಣ ಕುಸಿದು ಜೀವವೇ ಹೋಗಬಹುದು, ಜಗತ್ತಿನಾದ್ಯಂತ ಹೋಗಿವೆ ಕೂಡ. "ಸೋಮವಾರ ಮಾತ್ರ" ಅಂತ ಎರಡು ಪದ ಕನ್ನಡದಲ್ಲಿ ಬರೆದರೆ ಒಂದು ಜೀವ ಉಳಿಯುತ್ತೆ. 1-0-1 ನಮಗೆ ಬೈನರಿ, ಅಜ್ಜಿಗೆ ಅದು ಏನೂ ಅಲ್ಲ.

ಹಾಗಾಗಿ ನನ್ನ ಒತ್ತಾಯ ಇಷ್ಟು. ಒಂದು, ಇಂಟರ್ನ್‌ಶಿಪ್ ಶುರುವಾಗೋ ಮುಂಚೆ ಔಷಧಿ ಬರೆಯೋದಕ್ಕೇ ಪ್ರತ್ಯೇಕ ರಾಷ್ಟ್ರೀಯ ಪರೀಕ್ಷೆ ಇರಲಿ. ಬೇರೆ ಅಂಕಗಳ ಜೊತೆ ಸೇರಿಸಿ ಪಾಸು ಮಾಡೋದು ಬೇಡ, ಇದರಲ್ಲಿ ಪಾಸಾಗಲೇಬೇಕು. ಎಲ್ಲಾ ವೈದ್ಯರಿಗೂ ಒಂದು ಅಂತಿಮ ಪರೀಕ್ಷೆ ಅಂತ 2019ರ ಕಾಯ್ದೆಯಲ್ಲೇ ಬರೆದು ವರ್ಷ ವರ್ಷ ಮುಂದೂಡಿಕೊಂಡು ಬಂದಿದಾರೆ. ಅದು ಬಂದಾಗ ಇನ್ನೊಂದು ಬಹುಆಯ್ಕೆ ಪ್ರಶ್ನೆಪತ್ರಿಕೆ ಆಗದಿರಲಿ. ಎರಡು, ಇಂಟರ್ನ್ ಬರೆದ ಚೀಟಿಗಳಲ್ಲಿ ವಾರಕ್ಕೆ ಒಂದಷ್ಟನ್ನಾದರೂ ಹಿರಿಯರು ಕೂತು ನೋಡಿ, ಇದು ಯಾಕೆ ಬರೆದೆ, ಯಾವಾಗ ನಿಲ್ಲಿಸ್ತೀಯ ಅಂತ ಕೇಳಲಿ. ಬೈಯೋದಕ್ಕಲ್ಲ, ಕಲಿಸೋದಕ್ಕೆ. ಮೂರು, ಆರು ವರ್ಷ ಓದಿದ ಫಾರ್ಮ್-ಡಿ ಪದವೀಧರರು ನಮ್ಮಲ್ಲಿ ಇದ್ದಾರೆ, 2008ರಲ್ಲೇ ಆ ಕೋರ್ಸು ಬಂತು. ಬೋಧನಾ ಆಸ್ಪತ್ರೆಗಳ ವಾರ್ಡಿನಲ್ಲಿ ಅವರಿಗೆ ಕುರ್ಚಿ ಕೊಡಿ, ವಿದ್ಯಾರ್ಥಿಗಳು ಅವರ ಪಕ್ಕ ಕೂತು ಕಲೀಲಿ. ನಾಲ್ಕು, ಮಾತ್ರೆ ಶುರು ಮಾಡೋದಕ್ಕೆ ಎಷ್ಟು ಅಂಕವೋ ನಿಲ್ಲಿಸೋದಕ್ಕೂ ಅಷ್ಟೇ ಅಂಕ ಇರಲಿ.

ಇದಕ್ಕೆ ಹೊಸ ಕಟ್ಟಡ ಬೇಡ, ಮೆಷಿನ್ ಬೇಡ. ಹೊಸ ಕಾಲೇಜು ಉದ್ಘಾಟನೆಯ ಹಾಗೆ ಫೋಟೋ ಬರಲ್ಲ ಅನ್ನೋದೊಂದೇ ತೊಂದರೆ. ದೇಶದಲ್ಲಿ ಈಗ ವರ್ಷಕ್ಕೆ ಲಕ್ಷಕ್ಕೂ ಮೀರಿ ಎಂಬಿಬಿಎಸ್ ಸೀಟುಗಳಿವೆ. ಸೀಟು ಹೆಚ್ಚಾದ ಸುದ್ದಿ ಮುಖಪುಟದಲ್ಲಿ ಬರುತ್ತೆ. ಅಷ್ಟು ಜನ ಏನು ಬರೀತಾರೆ ಅನ್ನೋದು ಯಾವ ಪುಟದಲ್ಲೂ ಬರಲ್ಲ.

ಅಲ್ಲಿವರೆಗೂ ನಾವೇನು ಮಾಡೋದು? ಈ ಸಲ ಊರಿಗೆ ಹೋದಾಗ ಅಪ್ಪ ಅಮ್ಮನ ಮಾತ್ರೆ ಕವರ್ ಸುರಿದು ನೋಡಿ. ಪ್ರತಿ ಮಾತ್ರೆಯ ಹೆಸರು, ಯಾಕೆ, ಯಾವಾಗಿಂದ ಅಂತ ಒಂದು ಹಾಳೆಯಲ್ಲಿ ಬರೀರಿ. ಮುಂದಿನ ಸಲ ಡಾಕ್ಟರ ಹತ್ರ ಹೋದಾಗ ಆ ಹಾಳೆ ಜೊತೆಗಿರಲಿ. "ಇದು ಎಷ್ಟು ದಿನ ಡಾಕ್ಟ್ರೇ? ಇದರಲ್ಲಿ ಯಾವುದಾದರೂ ಬಿಡಬಹುದಾ?" ಅಂತ ಮರ್ಯಾದೆಯಿಂದ ಕೇಳಿ. ಒಳ್ಳೇ ಡಾಕ್ಟರು ಬೇಜಾರು ಮಾಡ್ಕೊಳಲ್ಲ. ಒಂದು ಮಾತು ಮಾತ್ರ ನೆನಪಿರಲಿ: ಈ ಲೇಖನ ಓದಿ ನೀವಾಗೇ ಬಿಪಿ ಮಾತ್ರೆ ನಿಲ್ಲಿಸಬೇಡಿ, ಅದು ಇನ್ನೊಂದು ಅನಾಹುತ. ನೋವಿನ ಮಾತ್ರೆಯನ್ನ ಅಂಗಡಿಯಿಂದ ನೀವಾಗೇ ತಂದುಕೊಡಲೂ ಬೇಡಿ.

ತಂಗಿಗೆ ಆ 1994ರ ಪುಸ್ತಕದ ಪಿಡಿಎಫ್ ಕಳಿಸಿದೆ. ಎರಡು ದಿನ ಬಿಟ್ಟು ಫೋನ್ ಮಾಡಿದಳು. "ಅಣ್ಣ, ದೊಡ್ಡಪ್ಪನ ಚೀಟಿ ಫೋಟೋ ತೆಗೆದು ಕಳಿಸು, ನಮ್ಮ ಹಾಸ್ಟೆಲಲ್ಲಿ ಐದು ಜನ ಕೂತು ತಪ್ಪು ಹುಡುಕ್ತೀವಿ" ಅಂದಳು. ಕಳಿಸಿದೆ. ಅರ್ಧ ಗಂಟೆಯಲ್ಲಿ ಮೂರು ತಪ್ಪು ಹುಡುಕಿ ಮೆಸೇಜ್ ಹಾಕಿದ್ದರು, ಮೂರೂ ಸರಿ ಇತ್ತು. ಹುಡುಗರಿಗೆ ತಲೆ ಇದೆ, ಆಸಕ್ತಿಯೂ ಇದೆ. ಅವಳ ಬ್ಯಾಚಿನಲ್ಲಿ ನೂರೈವತ್ತು ಜನ. ಮಿಕ್ಕ ನೂರಾ ನಲವತ್ತೈದು ಜನರಿಗೆ ಇದನ್ನ ಕೂರಿಸಿ ಕಲಿಸಬೇಕಾದ್ದು ಪಿಡಿಎಫ್ ಕಳಿಸೋ ಅಣ್ಣಂದಿರಲ್ಲ, ಅವರ ಹತ್ತಿರ ಲಕ್ಷಗಟ್ಟಲೆ ಫೀಸು ತಗೊಂಡ ಕಾಲೇಜು ಮತ್ತು ಅವರಿಗೆ ಲೈಸೆನ್ಸ್ ಕೊಡೋ ಆಯೋಗ.